ಕೆಲಸಗಾರನ ತಪ್ಪು

ನಮ್ಮ ಕಾರ್ಖಾನೆಯ ದೋಷ ವರದಿಯಲ್ಲಿ ‘ಮೂಲ ಕಾರಣ’ ಎಂಬ ಖಾನೆ ಒಂದಿದೆ. ಕೆಲವು ವರ್ಷಗಳ ಹಿಂದೆ ಆ ಖಾನೆಯಲ್ಲಿ ನಾನು ಎರಡು ಪದ ತುಂಬಿದೆ: ಕೆಲಸಗಾರನ ತಪ್ಪು. ಬರೆದದ್ದು ಜರ್ಮನ್ ಭಾಷೆಯಲ್ಲಿ. ಆದರೆ ಆ ಮಾತು ಅಷ್ಟು ಸಲೀಸಾಗಿ ಬರುವುದನ್ನು ನಾನು ಕಲಿತದ್ದು ಜರ್ಮನಿಯಲ್ಲಲ್ಲ, ಊರಿನಲ್ಲಿ. ಈ ಲೇಖನ ಆ ಎರಡು ಪದಗಳ ವಿರುದ್ಧ. ಅವನ್ನು ಬರೆದವನೇ ನಾನಾದ್ದರಿಂದ ನನ್ನ ವಿರುದ್ಧವೂ ಹೌದು.

ದಕ್ಷಿಣ ಜರ್ಮನಿಯ ಒಂದು ಕಾರು ಕಾರ್ಖಾನೆಯಲ್ಲಿ ನಾನು ಇಂಜಿನಿಯರು. ಹೆಸರು ಬೇಡ, ಹೆಸರು ಬದಲಾದರೂ ಕಥೆ ಬದಲಾಗುವುದಿಲ್ಲ. ನನ್ನ ಪಾಲಿಗೆ ಬರುವ ಕೆಲಸಗಳಲ್ಲಿ ಸನ್‌ರೂಫ್ ಜೋಡಣೆಯೂ ಒಂದು. ಮೊದಲು ಹಳಿ, ಮೋಟಾರು ಎಲ್ಲ ಇರುವ ಚೌಕಟ್ಟನ್ನು, ಮುಂದಿನ ಗಾಜು ಕೂರಿಸುವ ಮುಂಚೆಯೇ, ಆ ತೆರವಿನಿಂದ ಒಳಗೆ ತಂದು ಕಾರಿನ ಚಾವಣಿಗೆ ಕೆಳಗಿನಿಂದ ಬೋಲ್ಟು ಹಾಕಿ ಬಿಗಿಯುತ್ತಾರೆ. ಆಮೇಲೆ ಮೇಲಿನಿಂದ ಗಾಜು. ಅದನ್ನು ಕೂರಿಸಿ, ಸ್ಕ್ರೂಗಳನ್ನು ಸಡಿಲವಾಗಿ ಹಿಡಿಸಿ, ಸುತ್ತಲಿನ ಸಂದು ಸಮನಾಗಿದೆಯೇ ಎಂದು ನೋಡಿ, ಎತ್ತರ ಹೊಂದಿಸಿ, ಕೊನೆಗೆ ಬಿಗಿಯಬೇಕು. ಗಾಜಿನ ಮುಂದಿನ ಅಂಚು ಚಾವಣಿಯ ಮಟ್ಟಕ್ಕಿರಬೇಕು, ಇಲ್ಲವೇ ಒಂದು ಮಿಲಿಮೀಟರಿನೊಳಗೆ ತಗ್ಗಿರಬೇಕು. ಹಿಂದಿನ ಅಂಚು ಮಟ್ಟಕ್ಕೆ, ಇಲ್ಲವೇ ಅಷ್ಟೇ ಎತ್ತರಕ್ಕೆ. ತಿರುವುಮುರುವಾದರೆ ವೇಗವಾಗಿ ಹೋಗುವಾಗ ಗಾಳಿ ಅಂಚಿಗೆ ಬಡಿದು ಸಿಳ್ಳೆ ಹಾಕುತ್ತದೆ.

ಇದಕ್ಕೆಲ್ಲ ಸಿಗುವ ಸಮಯ ಸುಮಾರು ಒಂದು ನಿಮಿಷ. ಆ ನಿಮಿಷವನ್ನು ಅಳೆಯಲು ಎಂಟಿಎಂ ಎಂಬ ಪದ್ಧತಿ ಇದೆ. 1948ರಲ್ಲಿ ಅಮೆರಿಕದಲ್ಲಿ ಪುಸ್ತಕವಾಗಿ ಬಂದದ್ದು. ಕೈ ಚಾಚುವುದು, ಹಿಡಿಯುವುದು, ಸಾಗಿಸುವುದು, ಕೂರಿಸುವುದು, ಬಿಡುವುದು ಎಂದು ಮನುಷ್ಯನ ಚಲನೆಯನ್ನು ತುಂಡು ಮಾಡಿ ಪ್ರತಿಯೊಂದಕ್ಕೂ ಅದು ಸಮಯ ಕಟ್ಟುತ್ತದೆ. ಅದರ ಒಂದು ಅಳತೆಯೆಂದರೆ ಸೆಕೆಂಡಿನ 0.036 ಭಾಗ. ನಮ್ಮ ಹಾಳೆಯಲ್ಲಿ ಕೈ ಚಾಚುವುದಕ್ಕೆ ಲೆಕ್ಕವಿದೆ. ಅನುಮಾನ ಬಂದು ಒಂದು ಕ್ಷಣ ನಿಂತು ಮತ್ತೆ ನೋಡುವುದಕ್ಕೆ ಲೆಕ್ಕವಿಲ್ಲ.

ಆ ಜಾಗದಲ್ಲಿ ಆಗ ನಿಲ್ಲುತ್ತಿದ್ದವರು ಐವತ್ತು ದಾಟಿದ ಒಬ್ಬರು. ಅವರ ತಂದೆ, 1961ರಲ್ಲಿ ಜರ್ಮನಿ ಮತ್ತು ಟರ್ಕಿಯ ನಡುವೆ ಆದ ಒಪ್ಪಂದದ ಮೇಲೆ ಕೂಲಿಗೆ ಬಂದವರಲ್ಲಿ ಒಬ್ಬರು. ಇವರು ಗಾಜಿನ ಅಂಚಿನ ಮೇಲೆ ಬೆರಳ ತುದಿ ಎಳೆದರೆ ಸಾಕು, ಎಷ್ಟು ಎತ್ತರ ತಗ್ಗಿದೆ ಎಂದು ಹೇಳುತ್ತಿದ್ದರು. ಆಮೇಲೆ ನಾನು ಉಪಕರಣ ಹಿಡಿದು ಅಳೆದರೆ ಅವರ ಮಾತೇ ಸರಿ.

ಜೋಡಣೆ ಮುಗಿದ ಪ್ರತಿ ಕಾರನ್ನೂ ಮಳೆ ಪರೀಕ್ಷೆಯ ಕೋಣೆಯೊಳಗೆ ಹಾಯಿಸುತ್ತೇವೆ. ಒಂದು ಸಲ ಎರಡು ವಾರ ಕಾಲ ಕೆಲವು ಕಾರುಗಳಲ್ಲಿ ಮುಂದಿನ ಸೀಟಿನ ಕಾಲ ಬಳಿಯ ಜಮಖಾನೆ ಒದ್ದೆಯಾಗಿ ಸಿಕ್ಕಿತು. ಅವೆಲ್ಲ ಸನ್‌ರೂಫ್ ಇದ್ದ ಕಾರುಗಳು. ನೀರು ಬಂದದ್ದು ಮೇಲಿನಿಂದ, ಮೇಲಿರುವುದು ಗಾಜು, ಗಾಜು ಕೂರಿಸುವವರು ಇವರು. ನನ್ನ ತರ್ಕ ಇಷ್ಟೇ ಇತ್ತು. ಬೆಳಗಿನ ಸಭೆಗೆ ಮುಂಚೆ ವರದಿ ಬೇಕಿತ್ತು, ಬರೆದೆ. ಅವರನ್ನು ಆ ಜಾಗದಿಂದ ತೆಗೆದು ಮರುತರಬೇತಿಗೆ ಕಳಿಸಿದರು. ಅವರ ಕಡತಕ್ಕೆ ಒಂದು ಟಿಪ್ಪಣಿ ಸೇರಿತು. ಅವರ ಜಾಗಕ್ಕೆ ಬೇರೊಬ್ಬರು ಬಂದರು. ಒದ್ದೆ ಜಮಖಾನೆಗಳು ಬರುತ್ತಲೇ ಇದ್ದವು.

ಮೂರನೆಯ ದಿನ ಕ್ಯಾಂಟೀನಿನಲ್ಲಿ ಅವರೇ ನನ್ನ ಎದುರಿಗೆ ಬಂದು ಕೂತರು. ಸಿಟ್ಟು ಮಾಡಲಿಲ್ಲ. “ಗಾಜು ನೀರು ಬಿಡುತ್ತದೆ, ಅದು ನಿಮಗೆ ಗೊತ್ತಲ್ಲ?” ಎಂದರು. ಗೊತ್ತಿತ್ತು. ಗೊತ್ತಿರಬೇಕಾದವನೇ ನಾನು. ಸರಿಯುವ ಸನ್‌ರೂಫಿನ ಸುತ್ತಲಿನ ರಬ್ಬರು ಪಟ್ಟಿ ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಲಿ ಎಂದು ಮಾಡಿದ್ದೂ ಅಲ್ಲ. ಅಷ್ಟಿಷ್ಟು ನೀರು ಒಳಗೆ ಇಳಿಯುತ್ತದೆ. ಕೆಳಗಿನ ಚೌಕಟ್ಟಿನಲ್ಲಿ ಅದಕ್ಕೆಂದೇ ಒಂದು ಕಾಲುವೆ ಇದೆ. ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಹೊರಟು, ಮುಂದಿನ ಮತ್ತು ಹಿಂದಿನ ಗಾಜುಗಳ ಪಕ್ಕದ ಕಂಬಗಳೊಳಗೆ ಇಳಿದು, ನೀರನ್ನು ಕಾರಿನ ಕೆಳಗೆ ಹೊರಹಾಕುತ್ತವೆ. “ನೀರು ಎಲ್ಲಿಂದ ಬಂತು ಅಂತ ಕೇಳಬೇಡಿ. ಎಲ್ಲಿಗೆ ಹೋಗಬೇಕಿತ್ತು, ಯಾಕೆ ಹೋಗಲಿಲ್ಲ ಅಂತ ಕೇಳಿ. ಕಂಬದ ಹೊದಿಕೆ ಬಿಚ್ಚಿ ನೋಡಿ” ಎಂದರು. ಇದನ್ನೇ ಅವರು ಮೊದಲ ದಿನ ಮೇಸ್ತ್ರಿಗೆ ಹೇಳಿದ್ದರಂತೆ. ಹೇಳಿದ್ದನ್ನು ಬರೆಯಲು ವರದಿಯಲ್ಲಿ ಖಾನೆ ಇರಲಿಲ್ಲ.

ಹೊದಿಕೆ ಬಿಚ್ಚಿದೆವು. ವೈರು ಹಿಡಿದಿಡುವ ಒಂದು ಪ್ಲಾಸ್ಟಿಕ್ ಕ್ಲಿಪ್ಪಿನ ಜಾಗವನ್ನು ಕೆಲವೇ ದಿನಗಳ ಹಿಂದೆ ನಕ್ಷೆಯಲ್ಲಿ ಸ್ವಲ್ಪ ಸರಿಸಲಾಗಿತ್ತು. ಹೊದಿಕೆ ಒತ್ತಿ ಕೂರಿಸಿದಾಗ ಆ ಕ್ಲಿಪ್ಪು ಕೊಳವೆಯನ್ನು ಹಿಸುಕುತ್ತಿತ್ತು. ಎಲ್ಲ ಕಾರಿನಲ್ಲೂ ಅಲ್ಲ, ಕೊಳವೆ ಒಂದು ಕಡೆಗೆ ವಾಲಿದ್ದ ಕಾರುಗಳಲ್ಲಿ ಮಾತ್ರ. ಗಾಜು ಕೂರಿಸುವವರಿಗೆ ಆ ಕ್ಲಿಪ್ಪು ಕಾಣುವುದೂ ಇಲ್ಲ. ಆ ಬದಲಾವಣೆ ಬಂದದ್ದು ನಮ್ಮ ಮಹಡಿಯಿಂದ. ಒಪ್ಪಿಗೆ ಕೊಟ್ಟ ಸಹಿಗಳಲ್ಲಿ ನನ್ನದೂ ಒಂದಿತ್ತು.

ಎರಡನೆಯ ವರದಿ ಬರೆದೆ. ಈ ಸಲ ಮೂಲ ಕಾರಣದ ಖಾನೆಯಲ್ಲಿ ‘ವಿನ್ಯಾಸ ಬದಲಾವಣೆಯ ಪರಿಣಾಮ’ ಎಂದಿತ್ತು. ಎಷ್ಟು ಸಭ್ಯವಾದ ಮಾತು ನೋಡಿ! ಕೈಯಿಂದ ಕೆಲಸ ಮಾಡುವವರು ತಪ್ಪಿದರೆ ತಪ್ಪಿಗೆ ಒಬ್ಬ ಮನುಷ್ಯನಿರುತ್ತಾನೆ, ಅವನ ಪಾಳಿ, ಅವನ ಸಂಖ್ಯೆ ಇರುತ್ತದೆ. ಮೇಜಿನ ಮುಂದೆ ಕೂತವರು ತಪ್ಪಿದರೆ ತಪ್ಪು ತಾನಾಗಿಯೇ ಆಗಿಬಿಟ್ಟಿರುತ್ತದೆ. ನನ್ನನ್ನು ಯಾರೂ ಮರುತರಬೇತಿಗೆ ಕಳಿಸಲಿಲ್ಲ.

ಈ ವಾದ ಕೇಳಿದವರು ಮೊದಲು ಎತ್ತುವ ಪ್ರಶ್ನೆ, ಹಾಗಾದರೆ ಕೆಲಸಗಾರರು ತಪ್ಪೇ ಮಾಡುವುದಿಲ್ಲವೇ ಎಂದು. ಮಾಡುತ್ತಾರೆ. ಸ್ಕ್ರೂ ವಾರೆಯಾಗಿ ಇಳಿಯುತ್ತದೆ, ಬಣ್ಣಕ್ಕೆ ಗೀರು ಬೀಳುತ್ತದೆ, ರಾತ್ರಿ ಪಾಳಿಯ ಕೊನೆಗೆ ಕಣ್ಣು ಮಂಜಾಗುತ್ತದೆ. ನನ್ನ ತಕರಾರು ಅದಲ್ಲ. ‘ಕೆಲಸಗಾರನ ತಪ್ಪು’ ಎನ್ನುವುದು ಕಾರಣವೇ ಅಲ್ಲ, ಕಾರಣ ಹುಡುಕುವುದನ್ನು ನಿಲ್ಲಿಸಿದ ಜಾಗ ಎನ್ನುವುದು ನನ್ನ ತಕರಾರು. ಟೊಯೊಟಾದ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಇಚಿ ಓನೊ, ಒಂದು ದೋಷ ಕಂಡರೆ ‘ಯಾಕೆ’ ಎಂದು ಐದು ಸಲ ಕೇಳಿ ಎಂದು ಕಲಿಸಿದರು. ನಾನು ಒಂದು ಸಲ ಕೇಳಿ ಪೆನ್ನು ಮುಚ್ಚಿದ್ದೆ. ಅದೇ ಪದ್ಧತಿಯಲ್ಲಿ, ಏನೋ ಸರಿಯಿಲ್ಲ ಎನಿಸಿದ ಕೆಲಸಗಾರ ಹಗ್ಗ ಎಳೆದು ಇಡೀ ಲೈನನ್ನೇ ನಿಲ್ಲಿಸಬಹುದು. ಅನುಮಾನ ಪಡುವುದೂ ಅವನ ಕೆಲಸದ ಭಾಗ ಎಂದು ಒಪ್ಪಿದವರು ಮಾತ್ರ ಅಂಥ ಹಗ್ಗ ಕಟ್ಟಿಯಾರು.

ಇನ್ನು ಕೆಲವರು, ಬಿಡಿ ಸಾರ್, ಇನ್ನು ಮುಂದೆ ಎಲ್ಲ ರೋಬಾಟ್ ಎನ್ನುತ್ತಾರೆ. ಬಂದಿವೆ. ಚಾವಣಿಗೆ ಅಂಟಿಸುವ ಸ್ಥಿರ ಗಾಜನ್ನು ಹಲವು ಕಡೆ ಈಗ ರೋಬಾಟೇ ಹೀರುಬಟ್ಟಲುಗಳಿಂದ ಎತ್ತಿ, ಕ್ಯಾಮೆರಾದಲ್ಲಿ ತೆರವಿನ ಅಂಚು ನೋಡಿ ಇಡುತ್ತದೆ. ಅದೂ ಒಮ್ಮೊಮ್ಮೆ ಓರೆಯಾಗಿ ಇಡುತ್ತದೆ. ಆಗ ನಾವು ಏನು ಮಾಡುತ್ತೇವೆ? ಕ್ಯಾಮೆರಾದ ಮೇಲೆ ಧೂಳು ಕೂತಿದೆಯೇ, ದೀಪದ ಬೆಳಕು ಬದಲಾಗಿದೆಯೇ, ಹೀರುಬಟ್ಟಲಿನ ರಬ್ಬರು ಸವೆದಿದೆಯೇ, ಒಳಬಂದ ಕಾರಿನ ಬಾಡಿಯೇ ಅಳತೆ ತಪ್ಪಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ‘ರೋಬಾಟಿನ ಅಜಾಗರೂಕತೆ’ ಎಂದು ಬರೆದು ಮನೆಗೆ ಹೋಗುವುದಿಲ್ಲ. ಯಂತ್ರಕ್ಕೆ ತೋರಿಸುವ ಈ ಸೌಜನ್ಯದ ಅರ್ಧದಷ್ಟನ್ನಾದರೂ ಮನುಷ್ಯನಿಗೆ ತೋರಿಸಿ ಎಂದಷ್ಟೇ ನಾನು ಕೇಳುತ್ತಿರುವುದು.

ಇದನ್ನು ಕನ್ನಡದಲ್ಲಿ ಯಾಕೆ ಬರೆಯಬೇಕು ಎಂದರೆ, ಈ ಕಾಯಿಲೆ ನಮ್ಮದೂ ಹೌದು. ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಅಕ್ಕನ ಮಗ ಫೋನು ಮಾಡಿದ. “ಮಾವ, ಹೊಸ ಗಾಡಿ, ಸನ್‌ರೂಫಿಂದ ನೀರು ತೊಟ್ಟಿಕ್ತಾ ಇದೆ. ಗಾಜು ಕೂರಿಸಿದವನು ನೆಟ್ಟಗೆ ಕೂರಿಸಿಲ್ಲ ಅನ್ಸುತ್ತೆ.” ಗಾಡಿ ನಿಲ್ಲಿಸುವುದು ಎಲ್ಲಿ ಎಂದು ಕೇಳಿದೆ. ಮಳೆಮರದ ಕೆಳಗೆ. ಗಾಜು ತೆರೆದು ಮೂಲೆಯ ತೂತು ನೋಡು ಎಂದೆ. ಸಣ್ಣೆಲೆ, ಹೂವಿನ ಎಳೆ, ಧೂಳು ಸೇರಿ ಕೆಸರಾಗಿ ಕಟ್ಟಿಕೊಂಡಿತ್ತು. ಊರಿನಲ್ಲಿ ಸನ್‌ರೂಫ್ ಇದ್ದವರು ಮಳೆಗಾಲಕ್ಕೆ ಮುಂಚೆ ಆ ಮೂಲೆಗಳನ್ನು ಮೆತ್ತಗೆ ಒರೆಸಿ, ಒಂದು ಲೋಟ ನೀರು ಬಿಟ್ಟು ಅದು ಕಾರಿನ ಕೆಳಗೆ ಬರುತ್ತದೆಯೇ ನೋಡಿಕೊಳ್ಳಿ. ಆದರೆ ನನ್ನನ್ನು ಚುಚ್ಚಿದ್ದು ಬೇರೆ. ಕಾರಣ ಗೊತ್ತಾಗುವ ಮೊದಲೇ ಅವನಿಗೆ ತಪ್ಪು ಮಾಡಿದವನು ಸಿಕ್ಕಿಬಿಟ್ಟಿದ್ದ. ಎಂದೂ ನೋಡದ ಒಬ್ಬ ಫಿಟ್ಟರು. ನಾನೂ ಅದನ್ನೇ ಮಾಡಿದ್ದೆ, ದಿನಾ ನೋಡುತ್ತಿದ್ದ ಮನುಷ್ಯನಿಗೆ.

ಇಲ್ಲಿನ ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ದಾವಣಗೆರೆ ಕಡೆಯ ಹುಡುಗನೊಬ್ಬ ಬಂದಿದ್ದ. ಮೆಕಾಟ್ರಾನಿಕ್ಸ್ ತರಬೇತಿಗೆ ಜರ್ಮನಿಗೆ ಬಂದವನು. ಮೂರೂವರೆ ವರ್ಷದ ತರಬೇತಿ, ಕಂಪನಿಯಲ್ಲಿ ಕೆಲಸ, ಜೊತೆಗೆ ಶಾಲೆ, ಕೊನೆಗೆ ಕಟ್ಟುನಿಟ್ಟಾದ ಪರೀಕ್ಷೆ. ಅವನು ತಟ್ಟೆ ಹಿಡಿದು ಅತ್ತ ಸರಿದ ಮೇಲೆ ಒಬ್ಬರು ದನಿ ತಗ್ಗಿಸಿ, “ಪಾಪ, ಇಂಜಿನಿಯರಿಂಗ್ ಸೀಟು ಸಿಗಲಿಲ್ಲವೇನೋ” ಎಂದರು. ಕೆಟ್ಟವರಲ್ಲ ಅವರು, ನಿಜವಾಗಿಯೂ ಮರುಗಿದ್ದರು. ಅರ್ಧ ಗಂಟೆಯ ಹಿಂದೆ ಅದೇ ವೇದಿಕೆಯಲ್ಲಿ ಶರಣರ ಕಾಯಕದ ಬಗ್ಗೆ ಸೊಗಸಾಗಿ ಮಾತಾಡಿದವರೂ ಅವರೇ. ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ ಇವರೆಲ್ಲ ನಮಗೆ ಹೆಮ್ಮೆ, ಅವರು ಎಂಟುನೂರು ವರ್ಷ ದೂರದಲ್ಲಿರುವ ತನಕ. ಹನ್ನೆರಡನೆಯ ಶತಮಾನದ ಕೈಕೆಲಸಕ್ಕೆ ಹಾರ ಹಾಕುತ್ತೇವೆ, ಎದುರಿಗೆ ನಿಂತ ಹುಡುಗನ ಕೈಕೆಲಸಕ್ಕೆ ಅಯ್ಯೋ ಪಾಪ ಎನ್ನುತ್ತೇವೆ. ಆ ‘ಅಯ್ಯೋ ಪಾಪ’ ಮತ್ತು ನನ್ನ ವರದಿಯ ‘ಕೆಲಸಗಾರನ ತಪ್ಪು’ ಬೇರೆಬೇರೆಯಲ್ಲ. ಕೈಯಿಂದ ದುಡಿಯುವವನಿಗೆ ತಲೆ ಅಷ್ಟಕ್ಕಷ್ಟೇ ಎಂದು ಮೊದಲೇ ನಂಬಿದವರಿಗೆ, ನೀರು ಸೋರಿದಾಗ ಹೆಚ್ಚು ಹುಡುಕಬೇಕು ಎನಿಸುವುದಿಲ್ಲ.

ನಾವು, ಹೊರನಾಡಿನ ಕನ್ನಡಿಗರು, ಇಂಥ ವರದಿಗಳನ್ನು ಬರೆಯುವ ಜಾಗಗಳಲ್ಲಿ ಈಗ ಬಹಳ ಮಂದಿ ಇದ್ದೇವೆ. ಸ್ಟುಟ್‌ಗಾರ್ಟಿನಲ್ಲಿ, ಡೆಟ್ರಾಯಿಟಿನಲ್ಲಿ, ಊರಿನಲ್ಲಿ ಬಿಡದಿಯಲ್ಲಿ, ಹೊಸಕೋಟೆಯಲ್ಲಿ. ಕಾರಿನ ಬದಲು ಆಸ್ಪತ್ರೆ ಇರಬಹುದು, ಸಾಫ್ಟ್‌ವೇರ್ ಇರಬಹುದು. ಆ ಖಾನೆ ಎಲ್ಲ ಕಡೆಯೂ ಇದೆ. ನನ್ನ ಬೇಡಿಕೆ ಮೂರು. ‘ಕೆಲಸಗಾರನ ತಪ್ಪು’ ಎಂಬುದನ್ನು ಮೂಲ ಕಾರಣವೆಂದು ಯಾರು ಬರೆದು ತಂದರೂ ತಿರುಗಿಸಿ ಕಳಿಸಿ. ಬರೆಯುವವರು ಬರೆಯುವ ಮೊದಲು ಆ ಜಾಗದಲ್ಲಿ ಒಂದು ಪಾಳಿ ಪೂರ್ತಿ ನಿಂತು ನೋಡಲಿ. ಆ ಕೆಲಸ ಮಾಡುವವರು ಏನು ಹೇಳಿದರು ಎಂಬುದಕ್ಕೆ ವರದಿಯಲ್ಲಿ ಒಂದು ಖಾನೆ ಇರಲಿ. ಇದಕ್ಕೆ ಹಣ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ.

ಆ ಹಿರಿಯರು ತಮ್ಮ ಜಾಗಕ್ಕೆ ಮರಳಿ ಬಂದರು, ನಿವೃತ್ತಿಯ ತನಕ ಗಾಜು ಕೂರಿಸಿದರು. ಅವರ ಕಡತದ ಟಿಪ್ಪಣಿಯನ್ನು ತೆಗೆಸಲು ನಾನು ಪತ್ರ ಬರೆದೆ, ಕಾರ್ಮಿಕರ ಮಂಡಳಿಯವರೂ ಒತ್ತಾಯಿಸಿದರು, ತೆಗೆದರು. ನನ್ನ ಮೊದಲ ವರದಿಯನ್ನು ಮಾತ್ರ ತೆಗೆಯಲಿಲ್ಲ. ವರದಿಗಳನ್ನು ತೆಗೆಯುವ ಪದ್ಧತಿ ಇಲ್ಲವಂತೆ. ಅದು ಈಗಲೂ ಅಲ್ಲಿದೆ, ಕೆಳಗೆ ನನ್ನ ಸಹಿಯೊಂದಿಗೆ. ಹೊಸದಾಗಿ ಸೇರುವ ಇಂಜಿನಿಯರುಗಳಿಗೆ ನಾನು ಮೊದಲು ಓದಲು ಕೊಡುವುದು ಅದನ್ನೇ.