ಬಾಲವಲ್ಲದ ಬಾಲ

ಟ್ರೈಲೊಬೈಟಿಗೆ ಆ ಹೆಸರು ಬಂದದ್ದು ತಲೆ, ನಡು, ಬಾಲ ಎಂಬ ಮೂರು ಭಾಗಗಳಿಂದ ಎಂದು ವಿವರಿಸಿಬಿಡುವುದು ಸುಲಭ. ಆದರೆ ಆ ವಿವರಣೆಯೂ ತಪ್ಪು, ಅದರೊಳಗಿನ ‘ಬಾಲ’ವೂ ತಪ್ಪು. ಹೆಸರಿನಲ್ಲಿರುವ ಮೂರು ಹಾಲೆಗಳು ಮೈಯ ಉದ್ದಕ್ಕೂ ಸಾಗುತ್ತವೆ: ನಡುವೆ ಒಂದು ದಿಂಡು, ಎಡಬಲಕ್ಕೆ ಒಂದೊಂದು ಹಾಲೆ. ಇನ್ನು ಬಾಲ ಎನ್ನಿಸಿಕೊಳ್ಳುವುದು ಪೈಜೀಡಿಯಮ್, ಅಂದರೆ ಹಲವು ಖಂಡಗಳು ಬೆಸೆದು ಒಂದಾದ ಹಿಂಚಿಪ್ಪು. ಆ ಪದದ ಗ್ರೀಕ್ ಮೂಲಕ್ಕೂ ‘ಪುಟ್ಟ ಪೃಷ್ಠ’ ಎಂಬ ಅರ್ಥವೇ ಹೊರತು ಬಾಲ ಎಂದಲ್ಲ.

ಪದದ ವಿಷಯಕ್ಕೆ ಇಷ್ಟು ಜಗಳವೇಕೆ? ಪದ ತಪ್ಪಿದರೆ ಪ್ರಾಣಿಯೇ ತಪ್ಪಿಹೋಗುತ್ತದೆ. ಹಸುವಿನ ಬಾಲ ಕರುಳು ಮುಗಿದ ಮೇಲೆ ಆಚೆಗೆ ಚಾಚಿದ ಅಂಗ. ಟ್ರೈಲೊಬೈಟಿನ ಕರುಳು ಹಿಂಚಿಪ್ಪಿನ ಅಡಿಯಲ್ಲೇ ಸಾಗುತ್ತದೆ. ಅಲ್ಲಿ ಕಾಲುಗಳೂ ಇವೆ. ಇದಕ್ಕಿಂತ ದೊಡ್ಡ ಸಂಗತಿ ಬೆಳವಣಿಗೆಯದು. ಮರಿಯ ಮೊದಲ ಚಿಪ್ಪು ಒಂದೇ ತುಂಡು. ಪೊರೆ ಕಳಚುತ್ತ ಬೆಳೆದಂತೆ ಹಿಂತುದಿಯ ಬಳಿ ಹೊಸ ಖಂಡಗಳು ಹುಟ್ಟುತ್ತವೆ. ಹಿಂಚಿಪ್ಪಿನ ಮುಂದಿನ ಅಂಚಿನಿಂದ ಒಂದೊಂದೇ ಖಂಡ ಬಿಡಿಸಿಕೊಂಡು ನಡುಭಾಗವನ್ನು ಸೇರುತ್ತದೆ. ನಡುವಿಗೆ ಬಾಲ ಅಂಟಿಕೊಂಡದ್ದಲ್ಲ, ಈ ‘ಬಾಲ’ದಿಂದಲೇ ನಡುವಿನ ಖಂಡಗಳು ಹೊರಟುಬಂದವು. ಬಾಲ ಎಂದು ಬರೆದೊಡನೆ ಈ ಅಚ್ಚರಿ ಪೂರ್ತಿ ಅಳಿಸಿಹೋಗುತ್ತದೆ.

ಕೀಟಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಜಿರಳೆಯ ಹಿಂತುದಿಯಲ್ಲಿ ಚಾಚಿರುವ ಎರಡು ಕುಡಿಗಳು ಬಾಲವಲ್ಲ, ಗಾಳಿಯ ಅಲುಗಾಟವನ್ನು ಗ್ರಹಿಸುವ ಉಪಾಂಗಗಳು. ಚಪ್ಪಲಿ ಕೆಳಗೆ ಬೀಳುವ ಮೊದಲೇ ಜಿರಳೆ ಓಡುವುದು ಅವುಗಳ ದಯೆಯಿಂದ. ಅಲಸಂದೆ ಡಬ್ಬದಲ್ಲಿ ಸಿಗುವ, ಕಾಳು ಕೊರೆಯುವ ಹುಳುವಿನ ಗಟ್ಟಿ ಮುಂರೆಕ್ಕೆಗಳು ಹೊಟ್ಟೆಯ ತುದಿಯನ್ನು ಮುಚ್ಚುವುದಿಲ್ಲ. ಅಲ್ಲಿ ಕಾಣುವ ಬೆನ್ನಿನ ಫಲಕಕ್ಕೂ ಪೈಜೀಡಿಯಮ್ ಎಂದೇ ಹೆಸರು. ಆದರೆ ಅದು ಒಂದೇ ಖಂಡದ ಫಲಕ, ಟ್ರೈಲೊಬೈಟಿನದು ಹಲವು ಖಂಡಗಳ ಬೆಸುಗೆ. ಹೆಸರು ಒಂದಾದ ಮಾತ್ರಕ್ಕೆ ಅಂಗ ಒಂದಾಗದು. ಎರಡನ್ನೂ ‘ಬಾಲ’ ಎಂದು ಅನುವಾದಿಸಿದರೆ ಮೂಲದಲ್ಲೇ ಇದ್ದ ಗೊಂದಲಕ್ಕೆ ಕನ್ನಡದ್ದೂ ಒಂದು ಸೇರುತ್ತದೆ.

ಸಾಮಾನ್ಯ ಓದುಗರಿಗೆ ಬಾಲ ಎಂದರೆ ತಟ್ಟನೆ ತಿಳಿಯುತ್ತದೆ ಎಂಬ ವಾದವಿದೆ. ತಿಳಿಯುತ್ತದೆ, ನಿಜ, ಆದರೆ ತಿಳಿಯುವುದು ಬೇರೇನನ್ನೋ. ಸಾಮಾನ್ಯರ ಕನ್ನಡ ಇಷ್ಟು ಒರಟೂ ಅಲ್ಲ. ಚೇಳಿನ ವಿಷಮುಳ್ಳಿಗೆ ಅದು ‘ಕೊಂಡಿ’ ಎಂಬ ಬೇರೆಯೇ ಪದವನ್ನು ಇಟ್ಟುಕೊಂಡಿದೆ. ನಿಖರತೆ ಬೇಡವೆಂದವರು ಓದುಗರಲ್ಲ, ಅವರ ಪರವಾಗಿ ತೀರ್ಮಾನ ಮಾಡಿದವರು. ಇತ್ತ ‘ಪೈಜೀಡಿಯಮ್’ ಎಂದಷ್ಟೇ ಲಿಪ್ಯಂತರ ಮಾಡಿ ಕೈತೊಳೆದುಕೊಳ್ಳುವುದೂ ಪರಿಹಾರವಲ್ಲ. ಅದರಿಂದ ಸುಳ್ಳು ತಪ್ಪುತ್ತದೆ, ಅರ್ಥ ಮಾತ್ರ ಸಿಗುವುದಿಲ್ಲ.

ದಾರಿ ಕಷ್ಟದ್ದೇನೂ ಅಲ್ಲ. ಟ್ರೈಲೊಬೈಟಿಗೆ ‘ಹಿಂಚಿಪ್ಪು’, ಕಾಳಿನ ಹುಳುವಿಗೆ ‘ತುದಿಫಲಕ’, ಜಿರಳೆಗೆ ‘ಹಿಂಗುಡಿ’ ಎನ್ನಬಹುದು. ಮೊದಲ ಸಲ ಬಂದಾಗ ಅರ್ಧ ವಾಕ್ಯದ ವಿವರಣೆ ಕೊಟ್ಟರೆ ಸಾಕು. ಇವುಗಳಿಗಿಂತ ಒಳ್ಳೆಯ ಪದ ಸಿಕ್ಕರೆ ಇವನ್ನು ಬಿಟ್ಟುಬಿಡಲಿ. ಟ್ರೈಲೊಬೈಟುಗಳು ಅಳಿದು ಸುಮಾರು 25 ಕೋಟಿ ವರ್ಷಗಳಾದವು. ತಮಗೆ ಬಾಲವಿರಲಿಲ್ಲ ಎಂದು ಅವು ಬಂದು ಹೇಳಲಾರವು. ಬರೆಯುವವರೇ ಹೇಳಬೇಕು.