ಶ್ವಾಸನಾಳಕ್ಕೆ ಬಿಸಿ ಕೊಟ್ಟರೆ ಉಬ್ಬಸ ಇಳಿದೀತೆ?

ಆಸ್ತಮಾ ಇರುವ ಹೆಚ್ಚಿನವರು ಇನ್‌ಹೇಲರಿನ ನೆರವಿನಿಂದ ನೆಮ್ಮದಿಯಾಗಿ ಇರಬಲ್ಲರು. ಆದರೆ ಕೆಲವರಿಗೆ ಔಷಧಿಯ ಪ್ರಮಾಣ ಎಷ್ಟು ಹೆಚ್ಚಿಸಿದರೂ ಸಾಲದು. ನಡುರಾತ್ರಿ ಎದ್ದು ಕುಳಿತು ಉಸಿರಿಗಾಗಿ ಒದ್ದಾಡುವ ಪಾಡು ಅವರದು. ಇಂಥವರ ಶ್ವಾಸನಾಳಗಳನ್ನು ಸುತ್ತುವರಿದ ಸ್ನಾಯು ದಪ್ಪಗಾಗಿರುತ್ತದೆ. ಅದು ಬಿಗಿದುಕೊಂಡಾಗ ಗಾಳಿಯ ದಾರಿ ಕಿರಿದಾಗುತ್ತದೆ.

ಆ ಸ್ನಾಯುವನ್ನೇ ಬಿಸಿಯಿಂದ ತೆಳುವಾಗಿಸಿದರೆ? ಈ ಯೋಚನೆಯಿಂದ ಹುಟ್ಟಿದ್ದು ‘ಬ್ರಾಂಕಿಯಲ್ ಥರ್ಮೊಪ್ಲಾಸ್ಟಿ’. ಬ್ರಾಂಕೋಸ್ಕೋಪ್ ಎಂಬ ನಳಿಕೆಯನ್ನು ಶ್ವಾಸನಾಳದೊಳಗೆ ಇಳಿಸಿ, ಅದರ ಮೂಲಕ ತೂರಿಸಿದ ಪುಟ್ಟ ತಂತಿಬುಟ್ಟಿಯಿಂದ ನಾಳದ ಗೋಡೆಗೆ 65 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು 10 ಸೆಕೆಂಡುಗಳಂತೆ ಕೊಡುವುದು ಇದರ ವಿಧಾನ. ಸುಮಾರು ಮೂರು ವಾರಗಳ ಅಂತರದಲ್ಲಿ ಮೂರು ಬಾರಿ ಹೀಗೆ ಮಾಡಬೇಕು. 2010ರಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ನೀಡಿತು.

ಒಪ್ಪಿಗೆಗೆ ಆಧಾರವಾದದ್ದು ‘ಏರ್-2’ ಎಂಬ ಪ್ರಯೋಗ. ಆರು ದೇಶಗಳ 288 ರೋಗಿಗಳಲ್ಲಿ 190 ಮಂದಿಗೆ ನಿಜವಾದ ಚಿಕಿತ್ಸೆ ನಡೆಯಿತು. ಉಳಿದ 98 ಮಂದಿಗೆ ನಳಿಕೆ ಇಳಿಸಿದರೇ ಹೊರತು ಬಿಸಿ ಕೊಡಲಿಲ್ಲ. ತಮಗಾದದ್ದು ಯಾವುದೆಂದು ರೋಗಿಗಳಿಗೆ ತಿಳಿಸಿರಲಿಲ್ಲ.

ಫಲಿತಾಂಶವೇನು? ಬಿಸಿ ಪಡೆದವರಲ್ಲಿ ಶೇಕಡ 79 ಮಂದಿಯ ದಿನನಿತ್ಯದ ಬದುಕು ಗಮನಾರ್ಹವಾಗಿ ಸುಧಾರಿಸಿತು. ಸೋಜಿಗವೆಂದರೆ, ಬರೀ ನಳಿಕೆ ಇಳಿಸಿಕೊಂಡವರಲ್ಲೂ ಶೇಕಡ 64 ಮಂದಿಗೆ ಹಾಗೆಯೇ ಆಯಿತು! ವೈದ್ಯರ ನಿಕಟ ಆರೈಕೆ, ಗುಣವಾದೀತೆಂಬ ನಂಬಿಕೆ ಇವುಗಳ ಪಾಲನ್ನು ಕಡೆಗಣಿಸುವಂತಿಲ್ಲ.

ಹಾಗೆಂದು ಬಿಸಿಯ ಗುಣ ಸುಳ್ಳಲ್ಲ. ಚಿಕಿತ್ಸೆ ಮುಗಿದ ನಂತರದ ತಿಂಗಳುಗಳಲ್ಲಿ ತುರ್ತು ಚಿಕಿತ್ಸೆಗೆ ಆಸ್ಪತ್ರೆಗೆ ಓಡುವ ಪ್ರಸಂಗಗಳು ಅವರಲ್ಲಿ ಶೇಕಡ 84ರಷ್ಟು ಕಡಿಮೆಯಿದ್ದವು. ಆದರೆ ಊದಿ ಅಳೆಯುವ ಪರೀಕ್ಷೆಯಲ್ಲಿ ಶ್ವಾಸಕೋಶದ ಬಲವೇನೂ ಹೆಚ್ಚಿರಲಿಲ್ಲ. ಚಿಕಿತ್ಸೆಯ ವಾರಗಳಲ್ಲಂತೂ ಉಬ್ಬಸ ಕೆರಳಿತು. ಉಸಿರಾಟದ ತೊಂದರೆಯಿಂದ ಶೇಕಡ 8.4 ಮಂದಿ ಆಸ್ಪತ್ರೆ ಸೇರಬೇಕಾಯಿತು. ಇನ್ನೊಂದು ಗುಂಪಿನಲ್ಲಿ ಇದು ಶೇಕಡ 2 ಮಾತ್ರ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹತ್ತು ವರ್ಷಗಳ ನಂತರವೂ ಗುಣ ಉಳಿದಿರುವುದನ್ನು ಕಂಡುಕೊಂಡಿತು.

ಈ ನಡುವೆ ತೀವ್ರ ಆಸ್ತಮಾಕ್ಕೆ ಚುಚ್ಚುಮದ್ದಿನ ರೂಪದ ಜೈವಿಕ ಔಷಧಿಗಳು ಬಂದು, ಬಿಸಿ ಚಿಕಿತ್ಸೆ ಹಿಂದೆ ಸರಿದಿದೆ. ಆದರೆ ಆ ಪ್ರಯೋಗ ಕಲಿಸಿದ ಪಾಠ ಹಳತಾಗಿಲ್ಲ. ಔಷಧಿ ನಾಟುತ್ತಿಲ್ಲ ಎನ್ನುವ ಮೊದಲು ಇನ್‌ಹೇಲರ್ ಹಿಡಿಯುವ, ಸೇದುವ ಕ್ರಮ ಸರಿಯಿದೆಯೇ ಎಂದು ವೈದ್ಯರೆದುರೇ ಒಮ್ಮೆ ಮಾಡಿ ತೋರಿಸುವುದು ಲೇಸು. ಎಷ್ಟೋ ಮಂದಿಯ ‘ಜಗ್ಗದ ಆಸ್ತಮಾ’ ಅಲ್ಲಿಯೇ ಜಗ್ಗುವುದುಂಟು.