ಪರದೇಶದ ಬಾಡಿಗೆ ಮನೆಗೆ ಹೊರಟಾಗ ಚೀಲದಲ್ಲಿ ಇರಬೇಕಾದುದೇನು?

ಒಣದ್ರಾಕ್ಷಿ ವ್ಯಾಪಾರದಲ್ಲಿರುವ ತಿಕೋಟಾ, ಬಬಲೇಶ್ವರ ಹಾಗೂ ವಿಜಯಪುರ ನಗರದ ನಮ್ಮ ವರ್ತಕ ಬಂಧುಗಳಿಗೆ ದುಬೈ ಈಗ ದೂರದ ಊರಾಗಿ ಉಳಿದಿಲ್ಲ. ಭಾರತ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳ ನಡುವಿನ ಆರ್ಥಿಕ ಸಹಭಾಗಿತ್ವ ಒಪ್ಪಂದವು 2022ರ ಮೇ 1ರಿಂದ ಜಾರಿಗೆ ಬಂದಿದೆ. ಅಲ್ಲಿಯ ಗಲ್ಫುಡ್ ಆಹಾರ ಮೇಳವನ್ನು ನೋಡಿಬರುವ ಉತ್ಸಾಹವನ್ನು ಅನೇಕರಲ್ಲಿ ಕಾಣುತ್ತಿದ್ದೇನೆ. ಹೋಟೆಲಿನ ಬದಲು ನಾಲ್ವರು ಕೂಡಿ, ಇಲ್ಲವೆ ಕುಟುಂಬಸಮೇತ, ಅಡುಗೆಮನೆಯುಳ್ಳ ಅಪಾರ್ಟ್‌ಮೆಂಟನ್ನು ವಾರದ ಮಟ್ಟಿಗೆ ಬಾಡಿಗೆ ಹಿಡಿಯುವವರೂ ಇದ್ದಾರೆ. ಇದು ಮಿತವ್ಯಯದ ಮಾರ್ಗವೇ ಸರಿ.

ಕೆಲ ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಇಂಥ ಪ್ರವಾಸದಿಂದ ಮರಳಿ, ಎರಡು ಲಕ್ಷಕ್ಕೂ ಮಿಕ್ಕಿದ ವೆಚ್ಚವನ್ನು ಅಂಗಡಿಯ ಲೆಕ್ಕಕ್ಕೆ ಹಾಕಲು ಕೇಳಿದರು. ಮನೆಯ ರಸೀದಿ ಮಗನ ಹೆಸರಿನಲ್ಲಿತ್ತು. ಹಣ ಹೋದದ್ದು ಸ್ನೇಹಿತರ ಕಾರ್ಡಿನಿಂದ. ಮೇಳದ ಪ್ರವೇಶಪತ್ರವನ್ನು ಅಲ್ಲಿಯೇ ಎಸೆದು ಬಂದಿದ್ದರು. ರೊಟ್ಟಿಯ ಗಂಟನ್ನು ಮಾತ್ರ ಮರೆತಿರಲಿಲ್ಲ! ಅವರು ಖರೀದಿದಾರರನ್ನು ಕಂಡು ಬಂದದ್ದು ನಿಜವೆಂದು ನಾನು ಬಲ್ಲೆ. ಆದರೆ ಲೆಕ್ಕಪರಿಶೋಧಕನ ನಂಬಿಕೆ ದಾಖಲೆಯಾಗದು. ಅಷ್ಟನ್ನೂ ಸ್ವಂತ ಖರ್ಚೆಂದು ಬರೆಯದೆ ಗತ್ಯಂತರವಿರಲಿಲ್ಲ.

ಆದ್ದರಿಂದ ಚೀಲದಲ್ಲಿ ಮೊದಲು ಇಡಬೇಕಾದುದು ಕಾಗದದ ಕಡತ. ಬಾಡಿಗೆ ಪತ್ರ ಮತ್ತು ರಸೀದಿ ಸಂಸ್ಥೆಯ ಹೆಸರಿನಲ್ಲಿರಲಿ. ಹಣವೂ ಸಂಸ್ಥೆಯ ಖಾತೆಯಿಂದಲೇ ಹೋಗಲಿ. ದುಬೈಯಲ್ಲಿ ಇಂಥ ಮನೆಗಳಿಗೆ ಪ್ರವಾಸೋದ್ಯಮ ಇಲಾಖೆಯ ಪರವಾನಿಗೆ ಕಡ್ಡಾಯ. ಅದನ್ನು ಕೇಳಿಯೇ ಹಣ ಕಟ್ಟಬೇಕು. ತಂಗುವ ಪ್ರತಿಯೊಬ್ಬರ ಪಾಸ್‌ಪೋರ್ಟ್ ಪ್ರತಿ, ಮೇಳದ ಪ್ರವೇಶಪತ್ರ, ಭೇಟಿಯಾದವರ ವಿಸಿಟಿಂಗ್ ಕಾರ್ಡುಗಳು ಅದೇ ಕಡತದಲ್ಲಿರಲಿ. ಮಡದಿ ಮಕ್ಕಳ ಪಾಲಿನ ವೆಚ್ಚವನ್ನು ಪ್ರತ್ಯೇಕವಾಗಿ ಬರೆದಿಡಿ. ಅಲ್ಲಿಯ 5 ಶೇಕಡಾ ವ್ಯಾಟ್ ನಮ್ಮ ಜಿಎಸ್‌ಟಿಯಲ್ಲಿ ಜಮೆಯಾಗದು. ಪ್ರವಾಸ ಪ್ಯಾಕೇಜ್ ಕೊಂಡಾಗ ವಸೂಲಾಗುವ ಟಿಸಿಎಸ್ ಮಾತ್ರ ಖರ್ಚಲ್ಲ, ರಿಟರ್ನ್ ಸಲ್ಲಿಸುವಾಗ ಜಮೆ ಪಡೆಯಬಹುದಾದ ತೆರಿಗೆ.

ಎರಡನೆಯದು ಹಣ. ವಿದೇಶಿ ನೋಟುಗಳ ರೂಪದಲ್ಲಿ ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದವರೆಗೆ ಮಾತ್ರ ಒಯ್ಯಬಹುದು. ಭಾರತೀಯ ನೋಟುಗಳಿಗೆ 25,000 ರೂಪಾಯಿಗಳ ಮಿತಿಯಿದೆ. ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿರಲಿ. ಕಾರ್ಡಿನ ವಿವರಪಟ್ಟಿಯೇ ಮುಂದೆ ಸಾಕ್ಷಿಯಾಗುತ್ತದೆ.

ಇನ್ನು ಅಡುಗೆಮನೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಅವಶ್ಯ ಒಯ್ಯಿರಿ. ಆದರೆ ಗಸಗಸೆ ಅಲ್ಲಿ ನಿಷಿದ್ಧ. ಮನೆಯ ಮಸಾಲೆ ಪುಡಿಯಲ್ಲಿಯೂ ಅದು ಇರಕೂಡದು. ಎಲೆ-ಅಡಿಕೆಯ ಚಂಚಿಯನ್ನು ಊರಲ್ಲಿಯೇ ಬಿಡಿ. ಕೋಡೀನ್ ಬೆರೆತ ಕೆಮ್ಮಿನ ಔಷಧಿಗೆ ಮುಂಚಿತ ಅನುಮತಿ ಬೇಕು. ಇತರ ಔಷಧಿಗಳೊಂದಿಗೂ ವೈದ್ಯರ ಚೀಟಿ ಇರಲಿ. ಅಲ್ಲಿಯ ವಿದ್ಯುತ್ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿಗಳಿರುವುದರಿಂದ ಒಂದು ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು.

'ನಮ್ಮಂಥ ಸಣ್ಣ ವ್ಯಾಪಾರಿಗಳನ್ನು ಯಾರು ಕೇಳುತ್ತಾರೆ?' ಎನ್ನುವವರಿದ್ದಾರೆ. ದೊಡ್ಡ ಕಂಪನಿಗಳಲ್ಲಿ ಕಡತ ನೋಡಿಕೊಳ್ಳಲು ಸಿಬ್ಬಂದಿ ಇರುತ್ತಾರೆ. ನಮ್ಮಲ್ಲಿ ಮಾಲೀಕನೇ ಗುಮಾಸ್ತ. ಕೇಳಿದ ದಿನ ಉತ್ತರಿಸಬೇಕಾದವನೂ ಅವನೇ. ಒಣದ್ರಾಕ್ಷಿಯ ತೂಕದಲ್ಲಿ ನೂರು ಗ್ರಾಂ ವ್ಯತ್ಯಾಸವನ್ನೂ ಬಿಡದ ನಾವು, ಲಕ್ಷಗಳ ರಸೀದಿಯನ್ನು ಬಿಟ್ಟು ಬರುವುದು ತರವಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ.